ಒಂದೇ ಪೇಟೆಯ ಎರಡು ತಂಡ, ರೆಲಿಗೇಷನ್ ಒಂದಕ್ಕೆ: ನಿಯಮ ಹೇಗೆ ಬರೆಯೋದು?

ತುಂಗಾತೀರ (ಶಿವಮೊಗ್ಗ)
ಜಿಲ್ಲಾ ಮಟ್ಟದ ಫುಟ್‌ಬಾಲ್ ಲೀಗಿಗೆ ನಿಯಮಾವಳಿಯ ಕರಡು ತಯಾರಾಗ್ತಾ ಇದೆ. ಮೇಲಿನ ಡಿವಿಷನ್‌ನಲ್ಲಿ 8 ತಂಡ, ಕೆಳಗಿನದರಲ್ಲಿ 6. ಪ್ರತಿ ತಂಡದ ಎದುರು ಎರಡೆರಡು ಮ್ಯಾಚ್. ಎಂಟನೇ ಸ್ಥಾನದವರು ಕೆಳಕ್ಕೆ (ಇದೇ ರೆಲಿಗೇಷನ್), ಕೆಳಗಿನ ಮೊದಲಿಗರು ಮೇಲಕ್ಕೆ. ತೊಡಕು ಇಷ್ಟೇ: ಎಂಟರಲ್ಲಿ ಎರಡು ತಂಡ ಶಿವಮೊಗ್ಗ ಪೇಟೆಯವು, ಒಂದೇ ಬೀದಿಯ ಆಚೆ ಮನೆ ಒಬ್ಬರ ಕಡೆ, ಈಚೆ ಮನೆ ಇನ್ನೊಬ್ಬರ ಕಡೆ. ಇಬ್ಬರೂ ತಳದಲ್ಲಿ ಸಮ ಪಾಯಿಂಟ್‌ಗೆ ಬಂದು ನಿಂತರೆ? ಕೊನೆಯ ವಾರ ಇಬ್ಬರದೇ ಮ್ಯಾಚ್ ಬಂದರೆ? ಕರಡಿನಲ್ಲಿ ಈಗ ಇರುವುದು ಒಂದೇ ಸಾಲು: ‘ಕೊನೆಯ ಸ್ಥಾನದ ತಂಡ ಕೆಳಗಿನ ಡಿವಿಷನ್‌ಗೆ ಹೋಗತಕ್ಕದ್ದು’. ಮಾತು ಶುರುವಾದರೆ ಎಲ್ಲರೂ ಮ್ಯಾಂಚೆಸ್ಟರ್ 1974 ಅಂತಾರೆ, ಅದರಿಂದ ನಿಯಮಕ್ಕೆ ಏನು ಸಿಗುತ್ತೆ ಅಂತ ಯಾರೂ ಹೇಳಲ್ಲ.

ಭದ್ರಾವತಿ ಸ್ಟಾಪರ್
1974ರ ಕತೆ ಜನರ ಬಾಯಲ್ಲಿ ಇರುವ ಹಾಗೆ ನಡೆದೇ ಇಲ್ಲ ಮಾರಾಯ್ರೆ. ಏಪ್ರಿಲ್ 27, ಓಲ್ಡ್ ಟ್ರ್ಯಾಫರ್ಡ್. ಹನ್ನೊಂದು ವರ್ಷ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡಿ, ಅಲ್ಲಿಂದ ಬಿಡುಗಡೆಯಾಗಿ ಅದೇ ಊರಿನ ಮ್ಯಾಂಚೆಸ್ಟರ್ ಸಿಟಿಗೆ ಬಂದಿದ್ದ ಡೆನಿಸ್ ಲಾ ಕೊನೆಯ ಹತ್ತು ನಿಮಿಷದಲ್ಲಿ ಹಿಮ್ಮಡಿಯಿಂದ ಗೋಲ್ ಹಾಕಿದ. ಸಂಭ್ರಮವನ್ನೂ ಪಡಲಿಲ್ಲ. ಜನ ಮೈದಾನಕ್ಕೆ ನುಗ್ಗಿದರು, ಮ್ಯಾಚ್ ಅರ್ಧಕ್ಕೆ ನಿಂತಿತು, 1-0 ಅಂತಲೇ ಫಲಿತಾಂಶ ಉಳಿಸಿಕೊಂಡರು. ‘ಲಾ ತನ್ನ ಹಳೇ ತಂಡವನ್ನೇ ಕೆಳಗೆ ತಳ್ಳಿದ’ ಅನ್ನೋದು ಮಾತ್ರ ಲೆಕ್ಕಕ್ಕೆ ಕೂರಲ್ಲ. ಆಗ ಗೆಲುವಿಗೆ 2 ಪಾಯಿಂಟ್. ಆ ದಿನ ಬೆಳಗ್ಗೆ ಯುನೈಟೆಡ್ ಹತ್ತಿರ ಇದ್ದದ್ದು 32, ಬಾಕಿ ಎರಡು ಮ್ಯಾಚ್. ಎರಡೂ ಗೆದ್ದರೂ 36. ಅದೇ ಹೊತ್ತಿಗೆ ಬರ್ಮಿಂಗ್‌ಹ್ಯಾಮ್ ಸಿಟಿ ನಾರ್ವಿಚ್ ಮೇಲೆ ಗೆದ್ದು 37ಕ್ಕೆ ಹೋಯಿತು. ಲಾ ಗೋಲ್ ಹಾಕದೇ ಇದ್ದಿದ್ದರೂ ಯುನೈಟೆಡ್ ಇಳಿಯುತ್ತಿತ್ತು. ಇಳಿದ ಮಾರನೇ ವರ್ಷವೇ ಎರಡನೇ ಡಿವಿಷನ್ ಗೆದ್ದು ಮೇಲೆ ಬಂತು ಅನ್ನೋದು ಬೇರೆ ಮಾತು. ಇನ್ನೊಂದು ಸಂಗತಿ: ಇಂಗ್ಲೆಂಡಿನ ಮೇಲಿನ ಡಿವಿಷನ್‌ನಿಂದ ಮೂರು ತಂಡ ಇಳಿಸುವ ಪದ್ಧತಿ ಶುರುವಾಗಿದ್ದೇ ಆ ಸೀಸನ್‌ನಲ್ಲಿ.

ಎದುರಾಳಿಯೇ ನೇರವಾಗಿ ಇಳಿಸಿದ ಉದಾಹರಣೆ ಬೇಕಾದರೆ ಸ್ಕಾಟ್ಲೆಂಡಿನ ಡಂಡಿ ನೋಡಿ. ಎರಡು ಕ್ಲಬ್‌ಗಳ ಮೈದಾನ ಒಂದೇ ರಸ್ತೆಯಲ್ಲಿ, ಒಂದರ ಗೇಟಿನಿಂದ ಇನ್ನೊಂದು ಕಾಣುತ್ತೆ. 2016ರ ಮೇ 2ರಂದು ಡಂಡಿ 2-1ರಿಂದ ಡಂಡಿ ಯುನೈಟೆಡ್ ಅನ್ನು ಸೋಲಿಸಿತು, ಗೆಲುವಿನ ಗೋಲ್ ಬಂದದ್ದು ಕೊನೇ ಗಳಿಗೆಯಲ್ಲಿ, ಯುನೈಟೆಡ್ ಇಳಿದದ್ದು ಆ ಸೋಲಿನಿಂದಲೇ. ನಿಮ್ಮ ಭಯ ಇಂಥದ್ದರ ಬಗ್ಗೆ.

ಆಗುಂಬೆ ಮಳೆ
ಮ್ಯಾಂಚೆಸ್ಟರ್ ಹೇಳುವವರು 1938 ಮರೆತೇ ಬಿಡ್ತಾರೆ. ಹಿಂದಿನ ವರ್ಷದ ಚಾಂಪಿಯನ್ ಸಿಟಿ, ಡಿವಿಷನ್‌ನಲ್ಲೇ ಅತಿ ಹೆಚ್ಚು 80 ಗೋಲ್ ಹಾಕಿಯೂ ಇಳಿಯಿತು. ಅದೇ ಸೀಸನ್‌ನಲ್ಲಿ ಯುನೈಟೆಡ್ ಮೇಲೆ ಬಂತು. ಮೆಟ್ಟಿಲಲ್ಲೇ ಒಬ್ಬರಿಗೊಬ್ಬರು ಸಿಕ್ಕಿರಬೇಕು.

ಸಾಗರದ ಲೈನ್ಸ್‌ಮನ್
ನಿಯಮ ಬರೆಯುವವರಿಗೆ 1974ಕ್ಕಿಂತ 1996 ಉಪಯೋಗ. ಕೊನೆಯ ದಿನ, ಸಿಟಿ ಮತ್ತು ಲಿವರ್‌ಪೂಲ್ 2-2. ಡ್ರಾ ಸಾಕು ಅಂತ ಬೆಂಚಿನಿಂದ ಸುದ್ದಿ ಹೋಯಿತು, ಸಿಟಿ ಆಟಗಾರ ಚೆಂಡನ್ನು ಕಾರ್ನರ್ ಬಾವುಟದ ಹತ್ತಿರ ಹಿಡಿದುಕೊಂಡು ಹೊತ್ತು ಕಳೆದ. ಆಗಲೇ ಬದಲಾಗಿ ಹೊರಗೆ ಬಂದಿದ್ದ ನಿಯಾಲ್ ಕ್ವಿನ್ ಗೆರೆ ಉದ್ದಕ್ಕೂ ಓಡಿ, ಸಾಕಾಗಲ್ಲ, ಗೋಲ್ ಬೇಕು ಅಂತ ಕೂಗಿದ. ಸಿಟಿ, ಸೌತಾಂಪ್ಟನ್, ಕವೆಂಟ್ರಿ ಮೂರಕ್ಕೂ 38 ಪಾಯಿಂಟ್. ಸಿಟಿಯ ಗೋಲ್ ವ್ಯತ್ಯಾಸ (ಹಾಕಿದ್ದರಲ್ಲಿ ತಿಂದದ್ದು ಕಳೆದರೆ) ಮೈನಸ್ 25, ಉಳಿದಿಬ್ಬರದು ಮೈನಸ್ 18. ಸಿಟಿ ಇಳಿಯಿತು. ಪಾಯಿಂಟ್ ಸಮ ಆದರೆ ಯಾರು ಮೇಲೆ ಅನ್ನೋ ಟೈಬ್ರೇಕ್ ನಿಯಮವನ್ನು ತಂಡಗಳ ಕೈಗೆ ಬರಹದಲ್ಲಿ ಕೊಡಿ, ಕೊನೆಯ ಸುತ್ತಿನ ಹಿಂದಿನ ದಿನ ಪಾಯಿಂಟ್ ಪಟ್ಟಿಗೆ ಎರಡೂ ಕಡೆಯ ಮ್ಯಾನೇಜರ್ ಸಹಿ ತಗೊಳ್ಳಿ.

ತೀರ್ಥಹಳ್ಳಿ ಲೆಕ್ಕ
ಟೈಬ್ರೇಕ್ ಬಗ್ಗೆ ಸ್ವಲ್ಪ ಉದ್ದ ಬರೀತೇನೆ. ಜಗಳ ಹುಟ್ಟುವ ಜಾಗ ಇದೇ.

ಎರಡು ದಾರಿ ಇವೆ. ಇಂಗ್ಲೆಂಡ್, ಜರ್ಮನಿಯಲ್ಲಿ ಮೊದಲು ಇಡೀ ಸೀಸನ್‌ನ ಗೋಲ್ ವ್ಯತ್ಯಾಸ, ಆಮೇಲೆ ಹಾಕಿದ ಗೋಲ್. ಸ್ಪೇನ್‌ನಲ್ಲಿ ಮೊದಲು ಪರಸ್ಪರ ಮ್ಯಾಚ್‌ಗಳ ಫಲಿತಾಂಶ. ನಮ್ಮಲ್ಲಿ ಕಮಿಟಿಯವರಿಗೆ ಎರಡನೆಯದು ಕಿವಿಗೆ ಇಂಪು: ‘ಇಬ್ಬರ ನಡುವೆ ಯಾರು ಗೆದ್ದಿದ್ದಾರೋ ಅವರು ಉಳೀಲಿ’. ಒಂದೇ ಊರಿನ ತಂಡಗಳಿಗೆ ಅದು ಏನು ಮಾಡುತ್ತೆ ನೋಡಿ. ಹೆಸರು ಸುಮ್ಮನೆ ಲೆಕ್ಕಕ್ಕೆ, ಕೋಟೆ ತಂಡ ಮತ್ತು ಹೊಳೆ ತಂಡ ಅನ್ನಿ.

ಇಬ್ಬರಿಗೂ 12 ಪಾಯಿಂಟ್. ಕೋಟೆ ಹಾಕಿದ್ದು 18, ತಿಂದದ್ದು 20, ವ್ಯತ್ಯಾಸ ಮೈನಸ್ 2. ಹೊಳೆ 15 ಹಾಕಿ 16 ತಿಂದಿದೆ, ಮೈನಸ್ 1. ಇಬ್ಬರ ನಡುವಿನ ಮೊದಲ ಮ್ಯಾಚ್ ಕೋಟೆ 2-0ರಿಂದ ಗೆದ್ದಿತ್ತು, ಎರಡನೆಯದು ಹೊಳೆ 1-0. ಗೋಲ್ ವ್ಯತ್ಯಾಸ ನೋಡಿದರೆ ಇಳಿಯುವುದು ಕೋಟೆ. ಪರಸ್ಪರ ನೋಡಿದರೆ ಪಾಯಿಂಟ್ 3-3, ಗೋಲ್ 2-1, ಇಳಿಯುವುದು ಹೊಳೆ. ಒಂದೇ ಪಟ್ಟಿ, ಎರಡು ತೀರ್ಪು. ನಿಯಮ ಮೊದಲೇ ಬರೆದಿರದಿದ್ದರೆ ಇಲ್ಲೇ ಕೋರ್ಟು ಕಚೇರಿ.

ಇನ್ನೂ ಕಷ್ಟದ್ದು ಮೂರು ತಂಡದ ಸಮ. ಸಾಗರದ ತಂಡಕ್ಕೂ 12 ಇದೆ, ಅವರಿಗೆ ಮಾತ್ರ ಒಂದು ಮ್ಯಾಚ್ ಬಾಕಿ. ಸಾಗರ ಕೋಟೆಯನ್ನು ಎರಡೂ ಸಲ ಸೋಲಿಸಿದೆ, ಹೊಳೆಗೆ ಎರಡೂ ಸಲ ಸೋತಿದೆ. ಆ ಕೊನೆಯ ಮ್ಯಾಚ್‌ನಲ್ಲಿ ಸಾಗರ ಸೋತರೆ ಮೂವರೂ ಸಮ. ಆಗ ಮೂವರ ನಡುವಿನ ಕಿರುಪಟ್ಟಿ ಹಾಕಬೇಕು: ಹೊಳೆಗೆ 9, ಸಾಗರಕ್ಕೆ 6, ಕೋಟೆಗೆ 3. ಕೋಟೆ ಕೆಳಕ್ಕೆ. ಸಾಗರ ಡ್ರಾ ಮಾಡಿದರೆ 13 ಆಗಿ ಮೇಲೆ ಹೋಯಿತು, ಉಳಿದದ್ದು ಕೋಟೆ, ಹೊಳೆ ಇಬ್ಬರೇ, ಈಗ ಹೊಳೆ ಕೆಳಕ್ಕೆ. ಸೋತರೂ ಡ್ರಾ ಆದರೂ ಸಾಗರಕ್ಕೆ ಏನೂ ಆಗಲ್ಲ. ಆದರೆ ಪೇಟೆಯ ಯಾವ ತಂಡ ಇಳಿಯಬೇಕು ಅನ್ನೋದು ಅವರ ಕೈಯಲ್ಲಿ. ಇಂಥ ಪರಿಸ್ಥಿತಿಯಲ್ಲಿ ಯಾರಾದರೂ ಸಾಗರಕ್ಕೆ ಒಂದು ಫೋನ್ ಮಾಡದೇ ಇರ್ತಾರಾ?

ಹಾಗಾಗಿ ನನ್ನ ಮತ: ಮೊದಲು ಗೋಲ್ ವ್ಯತ್ಯಾಸ, ನಂತರ ಹಾಕಿದ ಗೋಲ್, ನಂತರ ಪರಸ್ಪರ, ಅದೂ ಸಮವಾದರೆ ಒಂದು ಪ್ಲೇಆಫ್, ಅಂದರೆ ಇಬ್ಬರ ನಡುವೆ ನಿರ್ಣಾಯಕ ಮ್ಯಾಚ್. ಲಾಟರಿ ಚೀಟಿ ಬೇಡವೇ ಬೇಡ.

ಸೊರಬ ಫಾರ್ವರ್ಡ್
ಗೋಲ್ ವ್ಯತ್ಯಾಸಕ್ಕೂ ರೋಗ ಇದೆ ಸರ್. ಮಧ್ಯದಲ್ಲಿ ಆರಾಮಾಗಿ ಇರುವ ತಂಡ ಕೊನೆಯ ವಾರ 0-8 ಸೋತು ಕೊಟ್ಟರೆ? ಪರಸ್ಪರ ನಿಯಮದಲ್ಲಿ ಆ 8 ಗೋಲಿಗೆ ಬೆಲೆಯೇ ಇಲ್ಲ.

ತೀರ್ಥಹಳ್ಳಿ ಲೆಕ್ಕ
ಒಪ್ಪಿದೆ, ಆದರೆ 0-8 ಎಲ್ಲರ ಕಣ್ಣಿಗೂ ಬೀಳುತ್ತೆ, ವಿಚಾರಣೆ ಮಾಡಬಹುದು. 0-1 ಸೋತು ಸಹಾಯ ಮಾಡಿದ್ದನ್ನು ಯಾರು ಹಿಡೀತಾರೆ? ಬೇಕಾದರೆ ಒಂದು ಮ್ಯಾಚಿನಿಂದ ಲೆಕ್ಕಕ್ಕೆ ಬರುವ ಗೋಲ್ ಅಂತರಕ್ಕೆ 5ರ ಮಿತಿ ಹಾಕಿ. ದೊಡ್ಡ ಲೀಗ್‌ಗಳು ಹೀಗೆ ಮಾಡಲ್ಲ, 8 ತಂಡದ ಲೀಗಿಗೆ ನಡೆಯುತ್ತೆ.

ತುಂಗಾತೀರ
ಇಟಲಿಯವರ ಹಾಗೆ ಸಮ ಆದ ಕೂಡಲೇ ನೇರ ಪ್ಲೇಆಫ್ ಇಟ್ಟರೆ ಹೇಗೆ?

ಭದ್ರಾವತಿ ಸ್ಟಾಪರ್
ಅಲ್ಲಿ 2022-23ರಿಂದ ಹಾಗಿದೆ. ಅದೇ ಸೀಸನ್‌ನಲ್ಲಿ ವೆರೋನಾ ಮತ್ತು ಸ್ಪೆಜಿಯಾ ಸಮ ಆದವು, 2023ರ ಜೂನ್ 11ರಂದು ರೆಜ್ಜೊ ಎಮಿಲಿಯಾದಲ್ಲಿ ಆಡಿಸಿದರು, ವೆರೋನಾ 3-1, ಸ್ಪೆಜಿಯಾ ಕೆಳಕ್ಕೆ. ಗಮನಿಸಿ, ಇಬ್ಬರದೂ ಅಲ್ಲದ ಊರು. ನಿಮ್ಮ ಎರಡು ತಂಡಕ್ಕೆ ಪ್ಲೇಆಫ್ ಬಂದರೆ ಅದು ವರ್ಷದ ಮೂರನೇ ಡರ್ಬಿ (ಒಂದೇ ಊರಿನ ಎದುರಾಳಿಗಳ ಮ್ಯಾಚ್), ಅದೂ ಸೋತವರು ಇಳಿಯುವ ಡರ್ಬಿ. ಭದ್ರಾವತಿಗೆ ಒಯ್ಯಿರಿ, 20 ಕಿ.ಮೀ. ಆಸುಪಾಸು, ನೋಡಲೇಬೇಕು ಅನ್ನುವವರು ಬರ್ತಾರೆ, ಸುಮ್ಮನೆ ಗಲಾಟೆಗೆ ಬರುವವರು ಬರಲ್ಲ.

ಕೊಪ್ಪದ ಫಿಕ್ಸ್ಚರ್
ಎಲ್ಲಕ್ಕಿಂತ ಸುಲಭದ ಮದ್ದು ವೇಳಾಪಟ್ಟಿಯಲ್ಲೇ ಇದೆ, ಯಾರೂ ಆ ಕಡೆ ಹೋಗಲಿಲ್ಲ. 8 ತಂಡಕ್ಕೆ ಬರ್ಗರ್ ಪಟ್ಟಿ, ಅಂದರೆ ಎಲ್ಲರೂ ಎಲ್ಲರ ಎದುರು ಆಡುವ ಜೋಡಿಗಳ ಸಿದ್ಧ ಪಟ್ಟಿ ಬಳಸಿ. ಮೊದಲ ಏಳು ಸುತ್ತು ಹೀಗೆ:

1ನೇ ಸುತ್ತು: 1-8, 2-7, 3-6, 4-5
2ನೇ ಸುತ್ತು: 8-5, 6-4, 7-3, 1-2
3ನೇ ಸುತ್ತು: 2-8, 3-1, 4-7, 5-6
4ನೇ ಸುತ್ತು: 8-6, 7-5, 1-4, 2-3
5ನೇ ಸುತ್ತು: 3-8, 4-2, 5-1, 6-7
6ನೇ ಸುತ್ತು: 8-7, 1-6, 2-5, 3-4
7ನೇ ಸುತ್ತು: 4-8, 5-3, 6-2, 7-1

8ರಿಂದ 14ರವರೆಗೆ ಇದೇ ಮತ್ತೊಮ್ಮೆ, ಅಂದರೆ ನಾಲ್ಕನೇ ಸುತ್ತಿನ ಜೋಡಿ ಮತ್ತೆ ಸಿಗುವುದು ಹನ್ನೊಂದರಲ್ಲಿ. ಸಾಮಾನ್ಯವಾಗಿ ಎಲ್ಲಾ ನಂಬರ್‌ಗೂ ಚೀಟಿ ಎತ್ತಿ ಬಿಡ್ತಾರೆ, ಆಮೇಲೆ ಪೇಟೆಯ ಎರಡು ತಂಡ 6 ಮತ್ತು 2 ಆಗಿ ಕೂತು 14ನೇ ಸುತ್ತಿನಲ್ಲಿ ಎದುರಾಗ್ತವೆ. ಮೊದಲೇ ಆ ಎರಡು ತಂಡಕ್ಕೆ 2 ಮತ್ತು 3 ಕಟ್ಟಿಡಿ, ಅವರವರಲ್ಲಿ ಯಾರಿಗೆ ಯಾವುದು ಅಂತ ಚೀಟಿ ಎತ್ತಿ, ಉಳಿದ ಆರಕ್ಕೆ ಬೇರೆ ಚೀಟಿ. ಡರ್ಬಿ 4 ಮತ್ತು 11ಕ್ಕೆ ಬೀಳುತ್ತೆ, ಆಮೇಲೂ ಇಬ್ಬರಿಗೂ ಮೂರು ಮ್ಯಾಚ್ ಇರುತ್ತೆ.

ಇಷ್ಟಕ್ಕೇ ಎಲ್ಲಾ ಮುಗಿಯಲ್ಲ ಅನ್ನೋದಕ್ಕೆ ಇಟಲಿಯ ಜೆನೊವಾ ಊರು ಇದೆ, ಅಲ್ಲಿ ಜೆನೊವಾ, ಸಂಪ್‌ಡೋರಿಯಾ ಅಂತ ಎರಡು ಕ್ಲಬ್. 2011ರ ಮೇ 8ರ ಡರ್ಬಿ ಕೊನೆಯ ಸುತ್ತಿನದಲ್ಲ, ಅದರ ನಂತರವೂ ಎರಡು ಮ್ಯಾಚ್ ಇತ್ತು. ಗಾಯದ ಸಮಯದ ಆರನೇ ನಿಮಿಷ ಕಳೆದ ಮೇಲೆ ಬೊಸೆಲ್ಲಿ ಗೋಲ್ ಹಾಕಿ ಜೆನೊವಾ 2-1. ಸಂಪ್‌ಡೋರಿಯಾ ಮುಂದಿನ ವಾರ ಪಲೆರ್ಮೊ ಎದುರು ಸೋತು ಅಧಿಕೃತವಾಗಿ ಇಳಿಯಿತು, ಜೆನೊವಾದವರು ಬೀದಿಯಲ್ಲಿ ಅಣಕು ಶವಯಾತ್ರೆಯನ್ನೇ ಮಾಡಿದರು. ಆದರೆ ಸಂಪ್ ಇಳಿದದ್ದು ಬೊಸೆಲ್ಲಿಯಿಂದ ಅನ್ನೋದು ಅರ್ಧ ಮಾತು. ಆ ಸೀಸನ್ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಿಂದ ಶುರು ಮಾಡಿದ ತಂಡ, ಜನವರಿಯಲ್ಲಿ ಕಸ್ಸಾನೊ ಮತ್ತು ಪಜ್ಜಿನಿ ಎಂಬ ಎರಡೂ ಮುಖ್ಯ ಫಾರ್ವರ್ಡ್‌ಗಳನ್ನು ಬಿಟ್ಟುಕೊಟ್ಟಿತ್ತು.

ಆಗುಂಬೆ ಮಳೆ
14 ಸುತ್ತು ಯಾವ ತಿಂಗಳಲ್ಲಿ ಆಡಿಸ್ತೀರಿ ಸ್ವಾಮಿ? ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ನವೆಂಬರ್ ಮೊದಲ ವಾರ ಶುರು ಮಾಡಿದರೆ ವಾರಕ್ಕೊಂದು ಸುತ್ತಿನ ಹಾಗೆ ಫೆಬ್ರವರಿ ಮೊದಲಿಗೆ ಮುಗಿಯುತ್ತೆ, ಎರಡು ವಾರ ಕೈಯಲ್ಲಿ ಇಟ್ಟುಕೊಳ್ಳಿ. ಮಾರ್ಚ್ ಅಂದರೆ ಪರೀಕ್ಷೆ. ಕೋಟೆ ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಬಂದೋಬಸ್ತಿಗೆ ಪೊಲೀಸರೂ ಸಿಗಲ್ಲ. ಒಂದೇ ಮೈದಾನವಾದರೆ ಶನಿವಾರ ಎರಡು, ಭಾನುವಾರ ಎರಡು ಮ್ಯಾಚ್. ಇನ್ನೊಂದು: ಡಿಸೆಂಬರ್, ಜನವರಿ ಅಂದರೆ ಅಡಿಕೆ ಕೊನೆ ಕೊಯ್ಲು. ಸಾಗರ, ತೀರ್ಥಹಳ್ಳಿ, ಹೊಸನಗರದ ಹುಡುಗರು ಅರ್ಧಕ್ಕರ್ಧ ತೋಟದಲ್ಲಿ, ಇಲ್ಲಾ ಅಡಿಕೆ ಸುಲಿಯೋ ಅಂಗಳದಲ್ಲಿ. 7 ಜನಕ್ಕಿಂತ ಕಡಿಮೆ ಇದ್ದರೆ ಮ್ಯಾಚ್ ಶುರು ಮಾಡುವ ಹಾಗೇ ಇಲ್ಲ. ಆಗ ಎದುರಿನವರಿಗೆ 3-0. ಆ ಪುಕ್ಕಟೆ ಮೂರು ಗೋಲು ಪೇಟೆಯ ಒಂದು ತಂಡಕ್ಕೆ ಸಿಕ್ಕಿ ಇನ್ನೊಂದಕ್ಕೆ ಸಿಗದಿದ್ದರೆ ಮುಗೀತು. ನೋಂದಣಿಯಲ್ಲಿ 25 ಹೆಸರಿಗೆ ಅವಕಾಶ ಕೊಡಿ.

ಸಾಗರದ ಲೈನ್ಸ್‌ಮನ್
ಕೊನೆಯ ಸುತ್ತು ಶನಿವಾರ ಎರಡು, ಭಾನುವಾರ ಎರಡು ಅಂತ ಮಾತ್ರ ಮಾಡಬೇಡಿ. 1982ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾ ತನ್ನ ಮ್ಯಾಚ್ ಹಿಂದಿನ ದಿನ ಮುಗಿಸಿತ್ತು. ಜೂನ್ 25ರಂದು ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಆಸ್ಟ್ರಿಯಾ ಎದುರು ಬೇಗ ಒಂದು ಗೋಲ್ ಹಾಕಿತು, 1-0 ಆದರೆ ಇಬ್ಬರೂ ಮುಂದಕ್ಕೆ, ಅಲ್ಜೀರಿಯಾ ಹೊರಕ್ಕೆ ಅಂತ ಗೊತ್ತಿದ್ದರಿಂದ ಉಳಿದ ಹೊತ್ತು ಚೆಂಡು ಆಚೆ ಈಚೆ ತಳ್ಳಿದರು. ಆಮೇಲಿನ ವಿಶ್ವಕಪ್‌ಗಳಿಂದ ಗುಂಪಿನ ಕೊನೆಯ ಮ್ಯಾಚ್‌ಗಳು ಒಂದೇ ಹೊತ್ತಿಗೆ ಶುರು.

ನಿಮಗೆ ನಾಲ್ಕು ಮೈದಾನ ಸಿಗಲ್ಲ, ಬೇಕಾಗಿಯೂ ಇಲ್ಲ. ಇಳಿಯುವ ಲೆಕ್ಕಕ್ಕೆ ಸಂಬಂಧ ಇರುವ ಮ್ಯಾಚ್‌ಗಳು ಬಹುಪಾಲು ಎರಡೇ, ಒಂದು ನೆಹರೂ ಕ್ರೀಡಾಂಗಣ, ಇನ್ನೊಂದು ಭದ್ರಾವತಿ. ಎರಡೂ ಕಡೆ ಮ್ಯಾಚ್ ಕಮಿಷನರ್ ಇರಲಿ, ಇಬ್ಬರೂ ಫೋನ್‌ನಲ್ಲಿ ಮಾತಾಡಿ ಎರಡೂ ಕಡೆ ತಯಾರು ಅಂದ ಮೇಲೇ ರೆಫ್ರಿ ವಿಸಿಲ್ ಊದಲಿ. ಮುಖ್ಯವಾದ್ದು ದ್ವಿತೀಯಾರ್ಧ. ವಿರಾಮದ 15 ನಿಮಿಷವನ್ನು 22 ಮಾಡಿ, ಆ ಕಡೆ ಸ್ಕೋರ್ ನೋಡಿಕೊಂಡು ಆಡುವ ಉಪಾಯ ಹಳೇದು. ಬೇಕಂತಲೇ ತಡ ಮಾಡಿದ ತಂಡಕ್ಕೆ ದಂಡ ಅಂತ ಬರೆದಿಡಿ. ಡರ್ಬಿಗೆ ರೆಫ್ರಿಗಳು ದಾವಣಗೆರೆ ಅಥವಾ ಚಿಕ್ಕಮಗಳೂರಿನಿಂದ ಬರಲಿ, ಹೋಗಿ ಬರುವ ಖರ್ಚು ಬಜೆಟ್‌ನಲ್ಲಿ ಈಗಲೇ ಇಡಿ.

ಸೊರಬ ಫಾರ್ವರ್ಡ್
ಇದೆಲ್ಲಾ ಸರಿ, ಈಗಾಗಲೇ ಇಳಿದು ಆಗಿರುವ ತಂಡ ‘ನಾನೂ ಹೋದೆ, ನೀನೂ ಬಾ’ ಅಂತ ಆಡಿದರೆ? 2000ದಲ್ಲಿ ಸ್ಪೇನ್‌ನ ಸೆವಿಯಾ ಮೇಲೆ ಬಂದ ಆರೋಪ ಅದೇ ತಾನೆ. ತಾವು ಇಳಿದಾಗಿತ್ತು, ಒವಿಯೆಡೊ ಎದುರು 2-3 ಸೋತರು, ತಮ್ಮ ಮೈದಾನದಲ್ಲಿ ಎದುರಾಳಿಯ ಗೋಲಿಗೆ ತಮ್ಮ ಜನವೇ ಕುಣಿದರು, ಯಾಕಂದರೆ ಒವಿಯೆಡೊ ಉಳಿದರೆ ಅದೇ ಊರಿನ ಬೆಟಿಸ್‌ಗೆ ಕುತ್ತು. ಕೊನೆಗೆ ಒಂದೇ ಊರಿನ ಎರಡೂ ಕ್ಲಬ್ ಒಟ್ಟಿಗೆ ಇಳಿದವು.

ತೀರ್ಥಹಳ್ಳಿ ಲೆಕ್ಕ
ನಿಮ್ಮಲ್ಲಿ ಇಳಿಯೋದು ಒಂದೇ ತಂಡವಾದ್ದರಿಂದ ಆ ಅಪಾಯ ಕಡಿಮೆ. ಜನ ಕುಣಿಯೋದನ್ನು ನಿಲ್ಲಿಸೋಕೆ ಆಗಲ್ಲ, ನಿಲ್ಲಿಸಲೂ ಬಾರದು. ತಂಡ ಮಾತ್ರ ಆಡಲೇಬೇಕು. ಕೊನೆಯ ಮೂರು ಸುತ್ತಿನಲ್ಲಿ, ಹಿಂದಿನ ಮ್ಯಾಚ್‌ಗಳಲ್ಲಿ ಆಡಿದವರ ಪೈಕಿ ಕನಿಷ್ಠ 7 ಜನ ಶುರುವಿನ ಹನ್ನೊಂದರಲ್ಲಿ ಇರಬೇಕು, ಗಾಯವಾದರೆ ವೈದ್ಯರ ಚೀಟಿ ಕೊಡಬೇಕು ಅಂತ ಹಾಕಿ.

ಹೊಸನಗರ ಹಾಫ್
ಒಂದು ಕೆಟ್ಟ ವರ್ಷಕ್ಕೆ ಹಳೇ ತಂಡ ಇಳಿಯೋದು ಅನ್ಯಾಯ ಅಂತಾದರೆ ಅರ್ಜೆಂಟೀನಾದ ಹಾಗೆ ಮೂರು ವರ್ಷದ ಸರಾಸರಿ ತಗೊಳ್ಳಬಹುದಲ್ಲ?

ಭದ್ರಾವತಿ ಸ್ಟಾಪರ್
ಬೇಡ ಮಾರಾಯ. 1983ರಲ್ಲಿ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದಾಗಿದ್ದ ರಿವರ್ ಪ್ಲೇಟ್ ಸರಾಸರಿಯಿಂದ ಬಚಾವಾಯಿತು. ಅದೇ ಲೆಕ್ಕದಲ್ಲಿ ರೇಸಿಂಗ್ ಇಳಿಯಿತು. ಡಿಸೆಂಬರ್ 22ರಂದು ಅದೇ ಅವೆಜನೇಡಾ ಊರಿನ ಇಂಡಿಪೆಂಡಿಯೆಂಟೆ, ಆಗಲೇ ಇಳಿದಾಗಿದ್ದ ರೇಸಿಂಗ್ ಅನ್ನು 2-0ರಿಂದ ಸೋಲಿಸಿ ಚಾಂಪಿಯನ್ ಆಯಿತು. ಒಂದೇ ಮೈದಾನ, ಒಬ್ಬರಿಗೆ ಕಪ್, ಇನ್ನೊಬ್ಬರಿಗೆ ಬೀಳ್ಕೊಡುಗೆ. ಆ ಇಂಡಿಪೆಂಡಿಯೆಂಟೆಯೂ 2013ರಲ್ಲಿ ಇಳಿಯಿತು. ರಿವರ್‌ಗೆ ಬಂದದ್ದು 2011ರಲ್ಲಿ: ಆ ವರ್ಷ ಆಡಿದ್ದು ತೀರಾ ಕಳಪೆಯಲ್ಲ, ಹಿಂದಿನ ಸೀಸನ್‌ಗಳ ಪಾಪ ಸರಾಸರಿಗೆ ಸೇರಿ ಪ್ಲೇಆಫ್‌ಗೆ ಎಳೆಯಿತು, ಬೆಲ್ಗ್ರಾನೊ ಎದುರು 0-2, 1-1 ಆಗಿ ಕೆಳಕ್ಕೆ. ಜೊತೆಗೆ ಹೊಸದಾಗಿ ಮೇಲೆ ಬಂದ ತಂಡಕ್ಕೆ ಒಂದೇ ವರ್ಷದ ಸರಾಸರಿ, ಒಂದೆರಡು ಸೋಲಿಗೇ ಕುಸಿಯುತ್ತೆ. 6 ತಂಡದ ಕೆಳ ಡಿವಿಷನ್‌ನಿಂದ ಬರುವವರಿಗೆ ಅದು ಬಾಗಿಲು ಹಾಕಿದ ಹಾಗೆ.

ಕೊಪ್ಪದ ಫಿಕ್ಸ್ಚರ್
ಮೈದಾನದ ಹೊರಗಿನ ರೆಲಿಗೇಷನ್ ಬಗ್ಗೆಯೂ ಬರೆದಿಡಿ. ಜರ್ಮನಿಯ ‘ಮ್ಯೂನಿಕ್ 1860’ ಅನ್ನೋ ಕ್ಲಬ್ 2017ರಲ್ಲಿ ಎರಡನೇ ಡಿವಿಷನ್‌ನ ಪ್ಲೇಆಫ್‌ನಲ್ಲಿ ರೇಗನ್ಸ್‌ಬರ್ಗ್‌ಗೆ ಸೋತಿತು. ಮೂರಕ್ಕೆ ಹೋಗಬೇಕಿತ್ತು, ಲೈಸೆನ್ಸಿನ ಹಣ ಕಟ್ಟಲಾಗದೆ ನಾಲ್ಕಕ್ಕೆ ಬಿತ್ತು. ಅಲ್ಲಿ ಅವರ ಎದುರಿಗೆ ನಿಂತ ಊರಿನ ತಂಡ ಯಾವುದು? ಬಾಯರ್ನ್‌ನ ಎರಡನೇ ತಂಡ. ಪ್ರವೇಶ ಶುಲ್ಕ, ಹಳೇ ದಂಡ ಯಾವ ದಿನಾಂಕದೊಳಗೆ ಕಟ್ಟಬೇಕು, ಕಟ್ಟದಿದ್ದರೆ ಇಳಿಯಬೇಕಿದ್ದ ತಂಡ ಉಳಿಯುತ್ತಾ ಅಥವಾ ಕೆಳಗಿನ ಎರಡನೇ ತಂಡ ಮೇಲೆ ಬರುತ್ತಾ, ಎರಡನ್ನೂ ಸ್ಪಷ್ಟ ಮಾಡಿ. ಒಂದೇ ಕ್ಲಬ್ಬಿನ ಎರಡನೇ ತಂಡ ಕೆಳ ಡಿವಿಷನ್‌ನಲ್ಲಿ ಇದ್ದರೆ ಅದಕ್ಕೂ ಸಾಲು ಬೇಕು. 2012ರಲ್ಲಿ ವಿಯ್ಯಾರಿಯಲ್ ಇಳಿದಾಗ ಅದರ ಬಿ ತಂಡ ಏನೂ ತಪ್ಪಿಲ್ಲದೆ, ಒಂದೇ ಡಿವಿಷನ್‌ನಲ್ಲಿ ಎರಡೂ ಇರುವಂತಿಲ್ಲ ಅಂತ, ಇನ್ನೊಂದು ಮೆಟ್ಟಿಲು ಇಳಿಯಬೇಕಾಯಿತು.

ತುಂಗಾತೀರ
ಇಳಿದ ತಂಡದ ಒಳ್ಳೇ ಆಟಗಾರರನ್ನು ಪಕ್ಕದ ಬೀದಿಯವರು ಮಾರನೇ ದಿನವೇ ಎಳೆದುಕೊಂಡರೆ?

ಸೊರಬ ಫಾರ್ವರ್ಡ್
ಎಳೀತಾರೆ. ಕೋಚ್‌ಗಳೇ ಹೋಗ್ತಾರೆ: 2011ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ಲೀಗ್ ಕಪ್ ಗೆದ್ದು ಅದೇ ಸೀಸನ್ ಇಳಿಯಿತು, ಮ್ಯಾನೇಜರ್ ಅಲೆಕ್ಸ್ ಮೆಕ್ಲೀಶ್ ರಾಜೀನಾಮೆ ಕೊಟ್ಟು ನೇರ ಅದೇ ಊರಿನ ಎದುರಾಳಿ ಆಸ್ಟನ್ ವಿಲ್ಲಾಗೆ. ಪೂರ್ತಿ ನಿಷೇಧ ಮಾಡೋದು ಆಟಗಾರನಿಗೆ ಅನ್ಯಾಯ. ಸೀಸನ್ ನಡುವೆ ಆದರೆ ಫಿಫಾ ನಿಯಮ ಇದ್ದೇ ಇದೆ, ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗೆ ನೋಂದಣಿ ಮಾಡಿಸಬಹುದು, ಅಧಿಕೃತ ಮ್ಯಾಚ್ ಆಡುವುದು ಎರಡಕ್ಕೆ ಮಾತ್ರ. ಸೀಸನ್ ಮುಗಿದ ಮೇಲೆ, ಇಳಿದ ತಂಡದಿಂದ ಒಂದೇ ತಂಡ ಮೂವರಿಗಿಂತ ಹೆಚ್ಚು ಜನರನ್ನು ತಗೊಳ್ಳುವಂತಿಲ್ಲ ಅಂದರೆ ಸಾಕು.

ಸಾಗರದ ಲೈನ್ಸ್‌ಮನ್
ಅರ್ಧಕ್ಕೆ ನಿಂತ ಮ್ಯಾಚ್ ವಿಷಯ ಬಿಟ್ಟುಹೋಗಿದೆ. ಆಟದ ನಿಯಮ ಪುಸ್ತಕದ ಪ್ರಕಾರ, ಸ್ಪರ್ಧೆಯ ನಿಯಮ ಬೇರೆ ಹೇಳದಿದ್ದರೆ ಅಂಥ ಮ್ಯಾಚ್ ಪೂರ್ತಿ ಮತ್ತೆ ಆಡಿಸಬೇಕು. ಅಂದರೆ 0-3 ಸೋಲುತ್ತಿರುವ ಕಡೆಯ ನಾಲ್ಕು ಜನ ಮೈದಾನಕ್ಕೆ ನುಗ್ಗಿದರೆ ಅವರ ತಂಡಕ್ಕೇ ಲಾಭ! ಮಳೆ, ಬೆಳಕಿನ ಕೊರತೆಯಿಂದ ನಿಂತರೆ ಅದೇ ನಿಮಿಷ, ಅದೇ ಸ್ಕೋರ್‌ನಿಂದ ಮುಂದುವರಿಸಿ. ಜನರಿಂದ ನಿಂತರೆ ತಪ್ಪಿತಸ್ಥ ಕಡೆಗೆ 0-3, ನಡೆದ ಸ್ಕೋರ್ ಅದಕ್ಕಿಂತ ಕೆಟ್ಟದಿದ್ದರೆ ಅದೇ. ತಂಡ ತಾನಾಗಿ ಹೊರನಡೆದರೆ ಶಿಕ್ಷೆ ಇನ್ನೂ ಕಠಿಣ ಇರಲಿ. 2012ರ ಡಿಸೆಂಬರ್ 9ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಈಸ್ಟ್ ಬೆಂಗಾಲ್ ಎದುರಿನ ಡರ್ಬಿಯಲ್ಲಿ, ಗ್ಯಾಲರಿಯಿಂದ ಬಂದ ಏಟಿಗೆ ತನ್ನ ಆಟಗಾರ ರಹೀಮ್ ನಬಿ ಗಾಯಗೊಂಡ ಮೇಲೆ ಮೋಹನ್ ಬಗಾನ್ ವಿರಾಮದ ನಂತರ ಇಳಿಯಲೇ ಇಲ್ಲ. ಮೊದಲು ಎರಡು ವರ್ಷ ಐ-ಲೀಗ್ ನಿಷೇಧ ಅಂದರು. ಮೇಲ್ಮನವಿಯಲ್ಲಿ ಅದು 2 ಕೋಟಿ ರೂಪಾಯಿ ದಂಡ ಮತ್ತು ಅಲ್ಲಿವರೆಗಿನ ಎಲ್ಲಾ ಪಾಯಿಂಟ್ ಸೊನ್ನೆ ಅಂತ ಆಯಿತು. ಸೊನ್ನೆಯಿಂದ ಶುರು ಮಾಡಿ ಆ ಸೀಸನ್ ಇಳಿಯದೆ ಉಳಿದುಕೊಂಡರು ಅನ್ನೋದು ಅವರ ಹೆಚ್ಚುಗಾರಿಕೆ. ಶಿಕ್ಷೆಯ ಪಟ್ಟಿ ಮೊದಲೇ ಇಲ್ಲದಿದ್ದರೆ ಹೀಗೇ, ಇವತ್ತೊಂದು, ನಾಳೆ ಒಂದು.

ತುಂಗಾತೀರ
ಎಲ್ಲರ ಮಾತೂ ಕರಡಿಗೆ ಸೇರಿಸ್ತಾ ಇದ್ದೇನೆ. ಕೊನೆಯದೊಂದು: ಪ್ಲೇಆಫ್ ಸಮ ಆದರೆ 30 ನಿಮಿಷ ಹೆಚ್ಚುವರಿ ಆಟ ಬೇಕಾ, ನೇರ ಪೆನಾಲ್ಟಿಗೆ ಹೋಗೋದಾ?

ಕೊಪ್ಪದ ಫಿಕ್ಸ್ಚರ್
ಫೆಬ್ರವರಿಯಲ್ಲಿ ಬೆಳಕು ಎಷ್ಟು ಹೊತ್ತು ಇರುತ್ತೆ ನೋಡಿಕೊಳ್ಳಿ. ನಾಲ್ಕೂವರೆಗೆ ಶುರು ಮಾಡಿದರೆ 90 ನಿಮಿಷ, ವಿರಾಮ, ಗಾಯದ ಸಮಯ ಸೇರಿ ಆರೂಕಾಲು ದಾಟುತ್ತೆ, ಹೆಚ್ಚುವರಿ ಆಟಕ್ಕೆ ಸೂರ್ಯನೇ ಇರಲ್ಲ. ಫ್ಲಡ್‌ಲೈಟ್ ಇಲ್ಲದಿದ್ದರೆ ಮೂರು ಗಂಟೆಗೆ ಶುರು ಮಾಡಿ, ಆಗ 15-15 ನಿಮಿಷ ಆಡಿಸಿ ಪೆನಾಲ್ಟಿಗೂ ಬೆಳಕು ಉಳಿಯುತ್ತೆ. ಪೆನಾಲ್ಟಿ ಒದೆಯುವವರು ಆಟ ಮುಗಿದಾಗ ಮೈದಾನದಲ್ಲಿ ಇದ್ದವರೇ ಆಗಿರಬೇಕು, ಒಂದು ಕಡೆ ರೆಡ್ ಕಾರ್ಡಿನಿಂದ ಹತ್ತೇ ಜನ ಇದ್ದರೆ ಇನ್ನೊಂದು ಕಡೆಯೂ ಒಬ್ಬರನ್ನು ಬಿಟ್ಟು ಹತ್ತಕ್ಕೆ ಇಳಿಸಬೇಕು. ಇದನ್ನು ಎರಡೂ ಕ್ಯಾಪ್ಟನ್‌ಗೆ ಟಾಸ್ ಹೊತ್ತಿಗೇ ಹೇಳಿ. ಮತ್ತೆ, ಪೆನಾಲ್ಟಿ ಒದೆಯುವ ಗೋಲ್ ಯಾವುದು ಅನ್ನೋದಕ್ಕೂ ರೆಫ್ರಿ ನಾಣ್ಯ ಹಾಕ್ತಾರೆ, ಸುರಕ್ಷತೆ ಅಥವಾ ನೆಲದ ಕಾರಣ ಇದ್ದರೆ ಅವರೇ ಆರಿಸಬಹುದು. ಯಾವ ಗೋಲಿನ ಹಿಂದೆ ಯಾವ ಬೀದಿಯವರು ಕೂತಿದ್ದಾರೆ ಅಂತ ರೆಫ್ರಿಗೆ ಮೊದಲೇ ತಿಳಿಸಿಡಿ.